ನಕ್ಷೆಯ ಪಾಠದಲ್ಲಿ ಪೆನ್ಸಿಲ್ ಯಾರ ಕೈಯಲ್ಲಿರಬೇಕು?

ಕಳೆದ ವರ್ಷದ ಬೋಧನಾಭ್ಯಾಸದ ಅವಧಿಯಲ್ಲಿ ಒಂದು ಪಾಠಕ್ಕೆ ನಾನು ಕಡಿಮೆ ಅಂಕ ಕೊಟ್ಟೆ. ಆ ಅಂಕ ಸರಿಯಾಗಿರಲಿಲ್ಲ ಎಂಬುದು ನನಗೆ ಅಂದೇ ಸಂಜೆ ಗೊತ್ತಾಯಿತು. ಏಕೆ ಸರಿಯಾಗಿರಲಿಲ್ಲ ಎಂಬುದನ್ನು ನನ್ನ ಸಹೋದ್ಯೋಗಿಗಳ ಮುಂದೆಯೂ, ಮುಂದಿನ ತಿಂಗಳು ಶಾಲೆಗಳಿಗೆ ಹೊರಡಲಿರುವ ಪ್ರಶಿಕ್ಷಣಾರ್ಥಿಗಳ ಮುಂದೆಯೂ ಹೇಳಿಕೊಳ್ಳುವುದಕ್ಕಾಗಿ ಈ ಬರಹ.

ಹಳ್ಳಿಯ ಒಂದು ಪ್ರೌಢಶಾಲೆ. ಎಂಟನೆಯ ತರಗತಿ, ಸಮಾಜ ವಿಜ್ಞಾನ, ಮೂರನೆಯ ಪೀರಿಯಡ್. ಪಾಠದ ವಿಷಯ ನಕ್ಷೆ: ಅಂದರೆ ದಿಕ್ಕು, ಪ್ರಮಾಣ, ಸಾಂಕೇತಿಕ ಚಿಹ್ನೆಗಳು. ಪಾಠ ಮಾಡಿದ ಪ್ರಶಿಕ್ಷಣಾರ್ಥಿ ಗೋಡೆ ಭೂಪಟ ತಂದಿರಲಿಲ್ಲ. ಕಪ್ಪುಹಲಗೆಯ ಮೇಲೂ ನಕ್ಷೆ ಬಿಡಿಸಲಿಲ್ಲ. ಪೀಠಿಕೆಯ ಎರಡು ಪ್ರಶ್ನೆ ಕೇಳಿ, ಮಕ್ಕಳನ್ನು ಆರು ಗುಂಪು ಮಾಡಿ, ಗುಂಪಿಗೊಂದು ಡ್ರಾಯಿಂಗ್ ಹಾಳೆ ಕೊಟ್ಟು, “ನೀವೆಲ್ಲ ಮನೆಯಿಂದ ಶಾಲೆಗೆ ಬರೋ ದಾರಿ ಬರೀರಿ” ಎಂದರು. ಗದ್ದಲ ಶುರುವಾಯಿತು. ಮಕ್ಕಳು ಒಂದು ಗುಂಪಿನಿಂದ ಇನ್ನೊಂದಕ್ಕೆ ಎದ್ದು ಓಡಾಡಿದರು. ಗಂಟೆ ಹೊಡೆದಾಗ ಪ್ರಮಾಣದ ಭಾಗವನ್ನು ಮುಟ್ಟಿಯೇ ಇರಲಿಲ್ಲ. ಮೌಲ್ಯಮಾಪನದ ಪ್ರಶ್ನೆಗಳು ಹಾಗೆಯೇ ಉಳಿದವು. ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದದ್ದು ಇಷ್ಟು: “ಬೋಧನೋಪಕರಣ ಇಲ್ಲ. ತರಗತಿ ನಿರ್ವಹಣೆ ಸುಧಾರಿಸಬೇಕು. ಪಾಠ ಪೂರ್ಣವಾಗಿಲ್ಲ.”

ಸಂಜೆ ಹಿಮ್ಮಾಹಿತಿ ಕೊಡಲು ಕುಳಿತಾಗ ಅವರು ನನ್ನ ಮಾತನ್ನೆಲ್ಲ ಕೇಳಿಸಿಕೊಂಡು ಕೊನೆಗೆ ಒಂದು ಪ್ರಶ್ನೆ ಕೇಳಿದರು: “ಸರ್, ನಾಲ್ಕನೇ ಗುಂಪಲ್ಲಿ ಏನಾಯ್ತು ಅಂತ ನೋಡಿದ್ರಾ?” ನಾನು ನೋಡಿರಲಿಲ್ಲ. ಆ ಹೊತ್ತಿನಲ್ಲಿ ಷರಾ ಬರೆಯುತ್ತಿದ್ದೆ. ಅವರು ಸುರುಳಿ ಸುತ್ತಿಟ್ಟಿದ್ದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದರು.

ಹಾಳೆಯಲ್ಲಿ ಶಾಲೆಯಿಂದ ಹಳ್ಳದಾಚೆಯ ಒಂದು ಚಿಕ್ಕ ಹಳ್ಳಿಗೆ ನೇರವಾದ ಕಪ್ಪು ಗೆರೆ ಇತ್ತು. ಗುಂಪಿನಲ್ಲಿ ಚೆನ್ನಾಗಿ ಚಿತ್ರ ಬರೆಯುವ ಹುಡುಗನೊಬ್ಬ ಅದನ್ನು ಸ್ಕೇಲ್ ಇಟ್ಟು ಎಳೆದಿದ್ದ. ಪಕ್ಕದ ಗುಂಪಿನ ಹುಡುಗಿಯೊಬ್ಬಳು ಅದನ್ನು ನೋಡಿ, “ಮಳೆ ಬಂದ್ರೆ ಇಲ್ಲಿ ದಾರಿ ಇರಲ್ಲ” ಎಂದಳಂತೆ. “ಯಾಕಿರಲ್ಲ? ನಾನೇ ಸೈಕಲ್‌ನಲ್ಲಿ ಹೋಗಿದ್ದೀನಿ” ಎಂದು ಅವನು. “ನೀನು ಹೋಗಿದ್ದು ಬೇಸಿಗೇಲಿ” ಎಂದು ಅವಳು. ಅವಳ ಮನೆ ಇರುವುದು ಹಳ್ಳದಾಚೆ. ಜಗಳ ಬಿಡಿಸುವ ಬದಲು ಪ್ರಶಿಕ್ಷಣಾರ್ಥಿ, ಆ ಕಡೆಯಿಂದ ಬರುವ ಮಕ್ಕಳೆಲ್ಲರನ್ನೂ ಆ ಹಾಳೆಯ ಸುತ್ತ ಕರೆದರು. ಹಳ್ಳ ಬಂದಾಗ ತಾವು ಕೆರೆ ಏರಿಯ ಮೇಲೆ ಬಳಸಿಕೊಂಡು ಬರುತ್ತೇವೆ, ನೀರು ಹೆಚ್ಚಾದರೆ ಬರುವುದೇ ಇಲ್ಲ ಎಂದು ಅವರು ಹೇಳಿದರು. ಕಪ್ಪು ಗೆರೆ ಹಳ್ಳವನ್ನು ದಾಟುವ ಜಾಗದಲ್ಲಿ ನೀಲಿ ಚುಕ್ಕೆಗಳು ಬಂದವು. ಏರಿಯ ಮೇಲಿನ ಬಳಸುದಾರಿ ಹೊಸದಾಗಿ ಸೇರಿತು. ನಾನು ‘ತರಗತಿ ನಿರ್ವಹಣೆ ಸುಧಾರಿಸಬೇಕು’ ಎಂದು ಬರೆಯುತ್ತಿದ್ದ ಗದ್ದಲ ಇದೇ ಆಗಿತ್ತು.

ಮರುದಿನ ಮುಖ್ಯೋಪಾಧ್ಯಾಯರು ಆ ಹಾಳೆಯನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಮಳೆ ಬಂದರೆ ಸಾಕು, ಆ ಕಡೆಯ ಮಕ್ಕಳು ಚಕ್ಕರ್’ ಎಂಬುದು ಆ ಶಾಲೆಯ ಶಿಕ್ಷಕರ ಕೊಠಡಿಯ ಮಾಮೂಲು ಮಾತಾಗಿತ್ತು. ದಾರಿ ಇದೆ ಎಂದು ಎಲ್ಲರಿಗೂ ಗೊತ್ತಿತ್ತು. ಆ ದಾರಿ ವರ್ಷವಿಡೀ ಇರುವುದಿಲ್ಲ ಎಂಬುದು ಅದರಲ್ಲಿ ನಡೆಯುವವರಿಗೆ ಮಾತ್ರ ಗೊತ್ತಿತ್ತು.

ಇಲ್ಲಿಂದ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ನಕ್ಷೆಯನ್ನು ನಾವು ತರಗತಿಯಲ್ಲಿ ಸಿದ್ಧವಸ್ತುವಾಗಿ ಕಲಿಸುತ್ತೇವೆ. ಯಾರೋ ಬಲ್ಲವರು ಮಾಡಿಟ್ಟಿದ್ದಾರೆ. ಮಗು ಅದನ್ನು ನೋಡಿ ನಕಲು ಮಾಡಬೇಕು, ಹೆಸರು ತುಂಬಬೇಕು, ಬಣ್ಣ ಹಚ್ಚಬೇಕು. ಆದರೆ ಹೊರಗಿನ ಜಗತ್ತಿನಲ್ಲಿ ಇಂದು ಎಷ್ಟೋ ನಕ್ಷೆಗಳು ತಯಾರಾಗುತ್ತಿರುವ ರೀತಿ ನಾನು ಕಡಿಮೆ ಅಂಕ ಕೊಟ್ಟ ಆ ತರಗತಿಯ ರೀತಿಗೇ ಹತ್ತಿರವಾಗಿದೆ.

ಇದಕ್ಕೆ ಎದ್ದು ಕಾಣುವ ಉದಾಹರಣೆ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಸ್ಟೀವ್ ಕೋಸ್ಟ್ ಎಂಬುವರು ಇಂಗ್ಲೆಂಡಿನಲ್ಲಿ ಇದನ್ನು ಆರಂಭಿಸಿದರು. ಆಗ ಅಲ್ಲಿನ ಸರ್ಕಾರಿ ಸಂಸ್ಥೆಯ ನಕ್ಷೆಯ ಮಾಹಿತಿಯನ್ನು ಬಳಸಲು ಹಣ ಕೊಡಬೇಕಿತ್ತು, ನಿರ್ಬಂಧಗಳೂ ಇದ್ದವು. ಅದಕ್ಕೆ ಬದಲಾಗಿ ಜನರೇ ನಡೆದಾಡಿ, ಸೈಕಲ್ ತುಳಿದು, ಜಿಪಿಎಸ್ ಉಪಕರಣದಲ್ಲಿ ದಾರಿ ದಾಖಲಿಸಿ ಎಲ್ಲರೂ ಬಳಸಬಹುದಾದ ನಕ್ಷೆ ಮಾಡೋಣ ಎಂಬುದು ಯೋಚನೆ. ವಿಕಿಪೀಡಿಯದಲ್ಲಿ ಲೇಖನ ತಿದ್ದುವ ಹಾಗೆ ಇಲ್ಲಿ ಯಾರು ಬೇಕಾದರೂ ಖಾತೆ ತೆರೆದು ತಮ್ಮೂರಿನ ರಸ್ತೆ, ಶಾಲೆ, ಬಾವಿ, ಬಸ್ ನಿಲ್ದಾಣಗಳನ್ನು ಸೇರಿಸಬಹುದು. ಒಂದೇ ಸ್ಥಳಕ್ಕೆ ಹಲವು ಭಾಷೆಗಳ ಹೆಸರು ಕೊಡಬಹುದಾದ್ದರಿಂದ ಊರಿನ ಹೆಸರನ್ನು ಕನ್ನಡದಲ್ಲಿಯೂ ಬರೆಯಬಹುದು. ಹಳ್ಳವನ್ನು ಸೇತುವೆಯಿಲ್ಲದೆ ದಾಟುವ ದಾರಿಗೆ ಆ ನಕ್ಷೆಯಲ್ಲಿ ಪ್ರತ್ಯೇಕ ಗುರುತೇ ಇದೆ ಎಂದು ತಿಳಿದಾಗ ನನಗೆ ಆ ನೀಲಿ ಚುಕ್ಕೆಗಳ ನೆನಪಾಯಿತು.

ಇಂಥ ನಕ್ಷೆಯ ಬೆಲೆ ಸಂಕಟದ ಸಮಯದಲ್ಲಿ ಗೊತ್ತಾಗುತ್ತದೆ. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೂಕಂಪವಾದಾಗ ಅಲ್ಲಿನ ರಾಜಧಾನಿ ಪೋರ್ಟೊ ಪ್ರಿನ್ಸ್‌ಗೆ ರಕ್ಷಣಾ ತಂಡಗಳು ನೆಚ್ಚಬಹುದಾದ ವಿವರವಾದ ನಕ್ಷೆ ಇರಲಿಲ್ಲ. ಬೇರೆ ಬೇರೆ ದೇಶಗಳ ನೂರಾರು ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ರಸ್ತೆ, ಕಟ್ಟಡಗಳ ಗೆರೆ ಎಳೆದರು. ಕೆಲವೇ ದಿನಗಳಲ್ಲಿ ಅದು ಸ್ಥಳದಲ್ಲಿ ಕೆಲಸ ಮಾಡುವವರ ಕೈಗೆ ಬಂತು. ಆದರೆ ದೂರದಿಂದ ನೋಡುವವರಿಗೆ ಕಾಣುವುದು ಚಾವಣಿ ಮಾತ್ರ. ಅದರ ಕೆಳಗಿರುವುದು ಆಸ್ಪತ್ರೆಯೋ ಗೋದಾಮೋ, ಆ ಬೀದಿಯನ್ನು ಜನ ಯಾವ ಹೆಸರಿನಿಂದ ಕರೆಯುತ್ತಾರೆ, ಇವೆಲ್ಲ ಅಲ್ಲಿ ನಡೆದಾಡಿದವರೇ ಹೇಳಬೇಕು. ದೂರದ ಕಣ್ಣು, ಹತ್ತಿರದ ಕಾಲು, ಎರಡೂ ಸೇರಬೇಕು.

ನೇಪಾಳದ ಉದಾಹರಣೆ ನಮ್ಮಂಥವರಿಗೆ ಇನ್ನೂ ಹತ್ತಿರದ್ದು. ಕಠ್ಮಂಡು ಕಣಿವೆಯಲ್ಲಿ 2012ರ ಕೊನೆಯಿಂದ ಶಾಲೆ ಮತ್ತು ಆಸ್ಪತ್ರೆ ಕಟ್ಟಡಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ದಾಖಲಿಸುವ ಕೆಲಸ ನಡೆಯಿತು. ಭೂಕಂಪವಾದರೆ ಯಾವ ಕಟ್ಟಡ ಅಪಾಯದಲ್ಲಿದೆ ಎಂದು ಮೊದಲೇ ತಿಳಿಯುವುದು ಉದ್ದೇಶ. ಅದರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕೈಜೋಡಿಸಿದ್ದರು. ಮುಂದೆ ಕಠ್ಮಂಡು ಲಿವಿಂಗ್ ಲ್ಯಾಬ್ಸ್ ಎಂಬ ಸ್ಥಳೀಯ ಸಂಸ್ಥೆ ಆ ಕೆಲಸವನ್ನು ಮುಂದುವರಿಸಿತು. 2015ರ ಏಪ್ರಿಲ್ 25ರಂದು ಭೂಕಂಪ ಬಂದೇಬಿಟ್ಟಿತು. ಆಗ ಜಗತ್ತಿನ ನಾನಾ ಕಡೆಯ ಸಾವಿರಾರು ಜನ ಹಳ್ಳಿಗಳ ನಕ್ಷೆ ಬಿಡಿಸಲು ಮುಂದಾದರು. ಆ ಕೆಲಸವನ್ನು ದಿಕ್ಕು ತಪ್ಪದಂತೆ ನಡೆಸಿಕೊಡಬಲ್ಲ ಸ್ಥಳೀಯರು ಅಲ್ಲಿ ಅಷ್ಟರಲ್ಲೇ ತಯಾರಾಗಿದ್ದರು. ಸಹಯೋಗವು ವಿಪತ್ತಿನ ದಿನ ದಿಢೀರನೆ ಹುಟ್ಟುವುದಿಲ್ಲ. ಅದಕ್ಕೆ ಮೊದಲೇ ಅಭ್ಯಾಸವಾಗಿರಬೇಕು.

ಇದೆಲ್ಲ ಇಂಟರ್ನೆಟ್ ಬಂದ ಮೇಲಿನ ಮಾತು ಎಂದು ಯಾರಾದರೂ ಹೇಳಬಹುದು. ಹಾಗಲ್ಲ. ನಕ್ಷೆ ಎಂದೂ ಒಬ್ಬರ ಕೆಲಸವಾಗಿರಲಿಲ್ಲ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನಲ್ಲಿ ಆರಂಭಿಸಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿ ಸರಪಳಿ ಎಳೆದವರು, ಉಪಕರಣ ಹೊತ್ತವರು, ಬೆಟ್ಟದ ಮೇಲೆ ನಿಶಾನೆ ಹಿಡಿದು ನಿಂತವರು, ಲೆಕ್ಕ ಹಾಕಿದವರು ಎಷ್ಟೋ ಮಂದಿ. ಅತಿ ಎತ್ತರದ ಶಿಖರದ ಎತ್ತರವನ್ನು ಲೆಕ್ಕ ಹಾಕಿದ ಕೆಲಸದಲ್ಲಿ ರಾಧಾನಾಥ ಸಿಕ್ದರ್ ಪ್ರಮುಖರು. ಆದರೆ 1865ರಲ್ಲಿ ಅದಕ್ಕೆ ಇಟ್ಟ ಹೆಸರು ಅಧಿಕಾರಿಯಾಗಿದ್ದ ಎವರೆಸ್ಟರದು.

ನಮ್ಮ ಪತ್ರಿಕೆಯ ಓದುಗರು ವಿಶೇಷವಾಗಿ ನೆನೆಯಬೇಕಾದವರು ನೈನ್ ಸಿಂಗ್ ರಾವತ್. ಕುಮಾವುಂ ಪ್ರದೇಶದ ಮಿಲಂ ಎಂಬ ಊರಿನವರು, ವೃತ್ತಿಯಿಂದ ಶಾಲಾ ಮೇಷ್ಟ್ರು. ‘ಪಂಡಿತ’ ಎಂಬ ಹೆಸರು ಅವರಿಗೆ ಬಂದದ್ದು ಹಾಗೆ. ಸರ್ವೆ ಇಲಾಖೆಯಿಂದ ತರಬೇತಿ ಪಡೆದು, ಯಾತ್ರಿಕನ ವೇಷದಲ್ಲಿ ಹೆಜ್ಜೆ ಎಣಿಸುತ್ತಾ ನಡೆದು 1866ರ ಜನವರಿಯಲ್ಲಿ ಲ್ಹಾಸಾ ತಲುಪಿದರು. ಕೈಯಲ್ಲಿದ್ದ ಜಪಮಾಲೆಗೆ 108ರ ಬದಲು 100 ಮಣಿಗಳು; ನೂರು ಹೆಜ್ಜೆಗೆ ಒಂದು ಮಣಿ ಸರಿಸುವುದು. ಬರೆದುಕೊಂಡ ಟಿಪ್ಪಣಿಗಳು ಪ್ರಾರ್ಥನಾ ಚಕ್ರದೊಳಗೆ. 1877ರಲ್ಲಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟಿತು. ನಕ್ಷೆಯ ಪಾಠ ಮಾಡುವ ನಮ್ಮಲ್ಲಿ ಎಷ್ಟು ಮಂದಿ ಈ ಮೇಷ್ಟ್ರ ಹೆಸರನ್ನು ತರಗತಿಯಲ್ಲಿ ಹೇಳಿದ್ದೇವೆ?

ಹಾಗಾದರೆ ಹೊಸತೇನು? ಹಲವು ಕೈ ಸೇರುವುದು ಹಳೆಯದು. ಅಂದು ನಡೆದವರು ಒಬ್ಬರು, ತೀರ್ಮಾನಿಸಿದವರು ಇನ್ನೊಬ್ಬರು. ನಡೆದವರಿಗೇ ತಿದ್ದುವ ಹಕ್ಕು ಸಿಕ್ಕಿರುವುದು ಇಂದಿನ ಹೊಸತು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ತಿದ್ದುಪಡಿಯೂ ಯಾವ ಖಾತೆಯಿಂದ, ಯಾವಾಗ ಆಯಿತು ಎಂಬುದರ ದಾಖಲೆ ಉಳಿಯುತ್ತದೆ. ತಪ್ಪಿದ್ದರೆ ಹಿಂದಿನ ಸ್ಥಿತಿಗೆ ತರಬಹುದು. ಭಿನ್ನಾಭಿಪ್ರಾಯ ಬಂದರೆ ಅಲ್ಲಿನ ಮೂಲ ನಿಯಮ, ನೆಲದ ಮೇಲೆ ಏನಿದೆಯೋ ಅದು. ಬೇರೆಯವರ ಹಕ್ಕುಸ್ವಾಮ್ಯದ ನಕ್ಷೆಯಿಂದ ನಕಲು ಮಾಡುವಂತಿಲ್ಲ. ನಕಲು ಮಾಡಬೇಡ, ಹೋಗಿ ನೋಡು, ನೋಡಿದ್ದನ್ನು ಹೇಳು, ತಪ್ಪಿದ್ದರೆ ಇನ್ನೊಬ್ಬರು ತಿದ್ದಲಿ: ಇದಕ್ಕಿಂತ ಒಳ್ಳೆಯ ಪಾಠಯೋಜನೆ ನನಗೆ ಗೊತ್ತಿಲ್ಲ. ನಮ್ಮ ನಕ್ಷೆ ಪಾಠದಲ್ಲಿ ನಡೆಯುತ್ತಿರುವುದು ಇದರ ತದ್ವಿರುದ್ಧ.

ನಮ್ಮ ನೆಲದಲ್ಲೂ ಇದಕ್ಕೆ ದಾರಿ ಇದೆ. 1980ರ ದಶಕದ ಕೊನೆಯ ವೇಳೆಗೆ ಮೈರಾಡಾ ಸಂಸ್ಥೆಯವರು ಕರ್ನಾಟಕದ ಹಳ್ಳಿಗಳಲ್ಲಿ ಸಹಭಾಗಿತ್ವದ ಗ್ರಾಮೀಣ ಸಮೀಕ್ಷೆಯನ್ನು ಬಳಕೆಗೆ ತಂದರು. ಊರಿನವರೇ ನೆಲದ ಮೇಲೆ ರಂಗೋಲಿ ಪುಡಿ, ಕಲ್ಲು, ಕಾಳುಗಳಿಂದ ತಮ್ಮೂರಿನ ನಕ್ಷೆ ಬಿಡಿಸುವುದು ಅದರ ಒಂದು ವಿಧಾನ. ನೆಲದ ಮೇಲಿನ ನಕ್ಷೆಯ ಸುತ್ತ ಹತ್ತು ಜನ ನಿಲ್ಲಬಹುದು. ಒಬ್ಬರು ಇಟ್ಟ ಕಲ್ಲನ್ನು ಇನ್ನೊಬ್ಬರು ಸರಿಸಬಹುದು. ಓದು ಬರಹ ಬಾರದ ಅಜ್ಜಿಯೂ ಬಾವಿ ಎಲ್ಲಿತ್ತೆಂದು ತೋರಿಸಬಹುದು. ಇನ್ನು ದೇಶದ ಮಟ್ಟದಲ್ಲಿ, 2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಭಾರತೀಯರು ನಕ್ಷೆಯ ದತ್ತಾಂಶ ತಯಾರಿಸಲು ಮೊದಲಿದ್ದ ಪೂರ್ವಾನುಮತಿಯ ನಿರ್ಬಂಧಗಳನ್ನು ಬಹಳಮಟ್ಟಿಗೆ ಸಡಿಲಿಸಿದೆ.

ಆದರೂ ಹಲವು ಕೈ ಸೇರಿದ ಮಾತ್ರಕ್ಕೆ ನಕ್ಷೆ ನ್ಯಾಯವಾಗಿಬಿಡುವುದಿಲ್ಲ ಎಂಬುದನ್ನೂ ಹೇಳಬೇಕು. ಜನರೇ ಮಾಡುವ ನಕ್ಷೆಯಲ್ಲೂ ಸಮಯ, ಫೋನು, ಇಂಗ್ಲಿಷ್ ಇರುವವರ ಓಣಿಗಳು ತುಂಬಿಕೊಂಡಿರುತ್ತವೆ. ಉಳಿದವರ ಊರು ಖಾಲಿ ಕಾಣುತ್ತದೆ. ತರಗತಿಯಲ್ಲೂ ಅಷ್ಟೇ. ಗುಂಪು ಮಾಡಿ ಬಿಟ್ಟರೆ ಪೆನ್ಸಿಲ್ ಹೋಗುವುದು ಚೆನ್ನಾಗಿ ಬರೆಯುವ ಹುಡುಗನ ಕೈಗೆ. ದೇವಸ್ಥಾನ, ಪಂಚಾಯಿತಿ ಕಚೇರಿ, ದೊಡ್ಡ ಅಂಗಡಿ ಬರುತ್ತವೆ. ಊರಂಚಿನ ಕಾಲೊನಿಯ ನಲ್ಲಿ ಬರುವುದಿಲ್ಲ. ಆ ಮೂಲೆಯ ಮಗು ಸುಮ್ಮನೆ ನೋಡುತ್ತಾ ಕೂರುತ್ತದೆ. ನಾವು ಅದನ್ನೇ ಗುಂಪು ಚಟುವಟಿಕೆ ಎಂದು ಪಾಠ ಟಿಪ್ಪಣಿಯಲ್ಲಿ ಬರೆಯುತ್ತೇವೆ. ಆದ್ದರಿಂದ ನನ್ನ ಒಂದೇ ಸೂತ್ರ: ಯಾರ ಓಣಿಯೋ ಅವರ ಕೈಗೆ ಪೆನ್ಸಿಲ್. ಚಿತ್ರ ವಕ್ರವಾಗಲಿ, ಚಿಂತೆಯಿಲ್ಲ.

ಇನ್ನೊಂದು ಎಚ್ಚರ. ಎಲ್ಲವೂ ಗುಂಪಿನ ಅಭಿಪ್ರಾಯಕ್ಕೆ ಬಿಟ್ಟ ವಿಷಯವಲ್ಲ. ದೇಶದ ಗಡಿರೇಖೆಯನ್ನು ಸರ್ವೆ ಆಫ್ ಇಂಡಿಯಾದ ನಕ್ಷೆಯಂತೆಯೇ ತೋರಿಸಬೇಕು. ಅಕ್ಷಾಂಶ, ಎತ್ತರ ಇವು ಅಳತೆಯಿಂದ ಬರುವಂಥವು, ಕೈ ಎತ್ತಿಸಿ ತೀರ್ಮಾನಿಸುವಂಥವಲ್ಲ. ಅಳೆಯುವುದರಲ್ಲಿ ಪರಿಣತರು, ಬದುಕುವುದರಲ್ಲಿ ಊರಿನವರು. ಯಾವುದು ಯಾರ ಕ್ಷೇತ್ರ ಎಂದು ಮಗುವಿಗೆ ತಿಳಿಯುವುದೂ ಕಲಿಕಾ ಫಲವೇ.

ಸಹೋದ್ಯೋಗಿಗಳು ಎತ್ತುವ ಆಕ್ಷೇಪಗಳು ನನಗೆ ಗೊತ್ತು. ನಾನೇ ಅವನ್ನು ಎತ್ತುತ್ತಿದ್ದೆ. ಮೊದಲನೆಯದು ಸಮಯ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಇದು ಮುಗಿಯದು ಎಂಬುದು ನಿಜ. ಮೂರು ಪಾಠಗಳ ಘಟಕವಾಗಿ ಯೋಜಿಸಿದರೆ ಮುಗಿಯುತ್ತದೆ: ಒಂದರಲ್ಲಿ ಗುಂಪಿನ ಕರಡು, ಇನ್ನೊಂದರಲ್ಲಿ ಹಾಳೆ ಹಿಡಿದು ಶಾಲೆಯ ಸುತ್ತ ನಡಿಗೆ, ಮೂರನೆಯದರಲ್ಲಿ ಗುಂಪುಗಳು ಹಾಳೆ ಬದಲಿಸಿಕೊಂಡು ತಿದ್ದುವುದು. ಎರಡನೆಯದು ಪರೀಕ್ಷೆ. ಎಸ್ಸೆಸ್ಸೆಲ್ಸಿಯಲ್ಲಿ ಕೇಳುವುದು ಭಾರತದ ನಕ್ಷೆ, ಹಳ್ಳದ ದಾರಿಯಲ್ಲ ಎನ್ನುತ್ತಾರೆ. ಒಪ್ಪುತ್ತೇನೆ. ಆದರೆ ತನ್ನ ದಾರಿಗೆ ತಾನೇ ಚಿಹ್ನೆ ಹುಡುಕಿದ ಮಗುವಿಗೆ ಸೂಚಿ ಎಂದರೇನು ಎಂದು ಬಾಯಿಪಾಠ ಮಾಡಿಸಬೇಕಾಗಿಲ್ಲ. ಮೂರನೆಯದು ಸೌಲಭ್ಯ. ಕಂಪ್ಯೂಟರ್ ಇಲ್ಲ, ನೆಟ್ ಬರುವುದಿಲ್ಲ. ಆ ನೀಲಿ ಚುಕ್ಕೆಗಳಿಗೆ ಬೇಕಾದದ್ದು ಒಂದು ಹಾಳೆ, ಎರಡು ಬಣ್ಣದ ಪೆನ್ಸಿಲ್. ಸೌಲಭ್ಯವಿರುವ ಕಡೆ ಆಮೇಲೆ ಶಿಕ್ಷಕರ ಖಾತೆಯಿಂದ, ಪರಿಶೀಲಿಸಿದ ಮಾಹಿತಿಯನ್ನಷ್ಟೇ ಆನ್‌ಲೈನ್ ನಕ್ಷೆಗೆ ಸೇರಿಸಬಹುದು.

ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಕಿವಿಮಾತು. ತಿದ್ದುವಾಗ ರಬ್ಬರ್ ಬಳಸಲು ಬಿಡಬೇಡಿ. ಬೇರೆ ಬಣ್ಣದಲ್ಲಿ ತಿದ್ದಿಸಿ, ಪಕ್ಕದಲ್ಲಿ ತಿದ್ದಿದವರ ಹೆಸರು ಬರೆಸಿ. ಮೊದಲ ತಪ್ಪೂ ಕಾಣಬೇಕು, ಅದು ಹೇಗೆ ಸರಿಯಾಯಿತು ಎಂಬುದೂ ಕಾಣಬೇಕು. “ಸರಿಯೋ ತಪ್ಪೋ?” ಎಂದು ಕೇಳುವ ಬದಲು “ನಿನಗೆ ಹೇಗೆ ಗೊತ್ತು? ಯಾವಾಗ ನೋಡಿದೆ?” ಎಂದು ಕೇಳಿ. ಹಳ್ಳದ ಜಗಳ ಬಗೆಹರಿದದ್ದು ಬೇಸಿಗೆ ಮತ್ತು ಮಳೆಗಾಲ ಎಂಬ ಎರಡು ಮಾತಿನಿಂದ. ನಡಿಗೆಗೆ ಹೊರಡುವಾಗ ಮುಖ್ಯೋಪಾಧ್ಯಾಯರ ಅನುಮತಿ ಪಡೆಯಿರಿ, ಮಕ್ಕಳನ್ನು ಒಬ್ಬೊಬ್ಬರಾಗಿ ಕಳಿಸಬೇಡಿ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾವ ಜಾತಿ, ಫೋನ್ ನಂಬರ್ ಏನು ಎಂಬುದು ನಕ್ಷೆಯಲ್ಲಿ ಬರಕೂಡದು.

ಅಧ್ಯಾಪಕ ಬಂಧುಗಳಲ್ಲಿ ನನ್ನದು ಎರಡು ಕೋರಿಕೆ. ಒಂದು, ನಮ್ಮ ವೀಕ್ಷಣಾ ನಮೂನೆಯಲ್ಲಿ ಬೋಧನೋಪಕರಣ, ಕಪ್ಪುಹಲಗೆ ಕೆಲಸ, ತರಗತಿ ನಿರ್ವಹಣೆ ಎಂಬ ಕಾಲಂಗಳಿವೆ. ‘ಮಕ್ಕಳು ಒಬ್ಬರನ್ನೊಬ್ಬರು ತಿದ್ದಲು ಅವಕಾಶ ಸಿಕ್ಕಿತೇ?’ ಎಂಬ ಒಂದು ಸಾಲು ಸೇರಿಸೋಣ. ಆ ಸಾಲು ಇದ್ದಿದ್ದರೆ ನಾನು ಅಂದು ತಲೆ ಎತ್ತಿ ನಾಲ್ಕನೇ ಗುಂಪಿನ ಕಡೆ ನೋಡುತ್ತಿದ್ದೆ. ಎರಡು, ಪ್ರಾಯೋಗಿಕ ದಾಖಲೆಗಳಲ್ಲಿ ಪ್ರತಿಯೊಬ್ಬರೂ ಬರೆಯುವ ನಕ್ಷೆಗಳ ಪೈಕಿ ಒಂದನ್ನಾದರೂ ನಾಲ್ಕೈದು ಪ್ರಶಿಕ್ಷಣಾರ್ಥಿಗಳು ಸೇರಿ, ನಡೆದು, ಮಾಡಿದ ನಕ್ಷೆಯಾಗಿ ಸ್ವೀಕರಿಸೋಣ. ಯಾರ ಪಾಲು ಎಷ್ಟು ಎಂಬ ಪ್ರಶ್ನೆಗೆ, ಪ್ರತಿಯೊಬ್ಬರೂ ಅರ್ಧ ಪುಟ ಬರೆಯಲಿ: ನಾನು ಏನು ಸೇರಿಸಿದೆ, ನನ್ನ ಯಾವ ತಪ್ಪನ್ನು ಯಾರು ತಿದ್ದಿದರು. ಇನ್ನೊಬ್ಬರಿಂದ ತಿದ್ದಿಸಿಕೊಂಡದ್ದನ್ನು ಬರೆದು ಒಪ್ಪಿಸಿ ಅಂಕ ಪಡೆದ ಅನುಭವ ಇಲ್ಲದವರು ಶಾಲೆಗೆ ಹೋಗಿ ಮಕ್ಕಳಿಗೆ ಅದನ್ನು ಕಲಿಸುವುದು ಕಷ್ಟ.

ಆ ಪಾಠದ ಅಂಕ ಅಷ್ಟರಲ್ಲಿ ಕಚೇರಿಗೆ ಹೋಗಿತ್ತು, ಬದಲಾಗಲಿಲ್ಲ. ಆ ಪ್ರಶಿಕ್ಷಣಾರ್ಥಿಯಲ್ಲಿ ನಾನು ಕ್ಷಮೆ ಕೇಳಿದ್ದೇನೆ. ವೀಕ್ಷಣಾ ಪುಸ್ತಕದಲ್ಲಿ ನನ್ನ ಮೊದಲಿನ ಷರಾವನ್ನು ಅಳಿಸದೆ, ಅದರ ಕೆಳಗೆ ಬೇರೆ ಬಣ್ಣದ ಶಾಯಿಯಲ್ಲಿ ತಿದ್ದುಪಡಿ ಬರೆದು ದಿನಾಂಕ ಹಾಕಿ ಸಹಿ ಮಾಡಿದ್ದೇನೆ. ಹಳ್ಳಕ್ಕೆ ಇನ್ನೂ ಸೇತುವೆಯಾಗಿಲ್ಲ. ಆದರೆ ಆ ಹಾಳೆ ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಯ ಮೇಲಿದೆ. ಮಳೆ ಬಂದ ದಿನ ಆ ಕಡೆಯ ಮಕ್ಕಳು ಬಾರದಿದ್ದರೆ ಹಾಜರಿ ಕರೆಯುವವರು ಚಕ್ಕರ್ ಎನ್ನುವ ಮೊದಲು ಅದನ್ನೊಮ್ಮೆ ನೋಡುತ್ತಾರೆ.